ಅರ್ಧ ತಲಿಯ ಲೆಕ್ಕ

— ಕಿಡಕಿ ತೆಗೀಲೇನವ್ವಾ?

— ಅರ್ಧ ತೆಗೀರಿ ಮಾಮಾ. ಪೂರಾ ಬೆಳಕು ಇನ್ನಾ ತಡಿಯಂಗಿಲ್ಲ.

— ಬ್ಯಾನಿ ಇನ್ನಾ ಅದೇನು?

— ಬ್ಯಾನಿ ಹೋಗ್ಯಾದ್ರಿ. ಆದ್ರ ತಲಿ ಬಿರುಕು ಬಿಟ್ಟ ಗಡಿಗಿ ಇದ್ದಂಗ ಅದ. ಜೋರಾಗಿ ಹೊಳ್ಳಿದ್ರ ಒಡೀತದೇನೋ ಅಂತ ಅಂಜಿಕಿ. ಮೈಯಾಗ ಕಸುವಿಲ್ಲ, ಬಾಯಾಗ ರುಚಿ ಇಲ್ಲ.

— ಅದೂ ಈ ಬ್ಯಾನಿದೇ ಬಾಲ. ತಲಿ ಬಿಟ್ಟ ಮ್ಯಾಲನೂ ಒಂದು ದಿವಸ ಮೈ ಹಿಂಡ್ತದ. ಏಳು, ಚಹಾ ತಗೋ. ಶುಂಠಿ ಜಜ್ಜಿ ಹಾಕೀನಿ. ಝಹೀರಾಬಾದಿನಾಗ ಕುಂತು ಶುಂಠಿ ಇಲ್ದ ಚಹಾ ಕುಡದ್ರ ಬೆಳೆದವರಿಗೆ ಅವಮಾನ.

— ನಿನ್ನಿ ರಾತ್ರಿ ಕೈ ಮುಗದು ಕೇಳ್ದೆ, ಪರ್ಸಿನಾಗಿನ ಗುಳಿಗಿ ಕೊಡ್ರಿ ಅಂತ. ಕೊಡಲಿಲ್ಲ ನೀವು.

— ವಾಂತಿ ನಿಲ್ಲೋದು ಒಂದು ಕೊಟ್ಟೆ. ಅರ್ಧ ತಾಸು ಬಿಟ್ಟು ಸಾದಾ ನೋವಿನ ಗುಳಿಗಿ ಕೊಟ್ಟೆ. ನಿನ್ನ ಆ ಬಣ್ಣದ ಸ್ಟ್ರಿಪ್ ಮಾತ್ರ ಕೊಡಲಿಲ್ಲ. ಯಾಕಂತ ಆಮ್ಯಾಲ ಹೇಳ್ತೀನಿ. ಮೊದಲು ನೀ ಹೇಳು, ಇದು ಯಾವಾಗ ಸುರು ಆತು?

— ನಿನ್ನಿ ಮಧ್ಯಾಹ್ನ, ಝರಾಸಂಗಮದಾಗ. ಪಾಳಿ ಹಚ್ಚಿ ನಿಂತಾಗ.

— ಅದು ತಲಿ ಹೊಡಿಲಾಕ ಹತ್ತಿದ ಹೊತ್ತು. ನಾ ಕೇಳಿದ್ದು ಸುರು ಆದದ್ದು. ಐತವಾರ ಸಂಜಿಗೆ ಹ್ಯಾಂಗಿದ್ದಿ?

— ಐತವಾರ ಛಲೋ ಇದ್ದೆನಲ್ರಿ. ಆಕಳಿಕಿ ಬಕ್ಕಳ ಬರ್ತಿದ್ದವು. ಕುತ್ತಿಗಿ ಬಿಗದಿತ್ತು, ಕಲ್ಲಿನ ಯುನಿಟ್ಟಿನಾಗ ಬಗ್ಗಿ ಲೆಕ್ಕ ಬರದು ಬರದು ಹಂಗಾಗ್ಯಾದ ಅನಕೊಂಡೆ. ರಾತ್ರಿ ಎದ್ದು ಡಬ್ಬಿಯಾಗಿನ ಬೆಲ್ಲ ತಿಂದೆ. ಅದೇ ಪಿತ್ತ ಕೆರಳಿಸ್ತೋ ಏನೋ. ಮತ್ತ ಸಿಟ್ಟು. ಇವರು ನೀರು ಕೇಳಿದ್ರ ಒದರಿದೆ.

— ಹಾಂ, ಅಲ್ಲೇ ಸುರು ಆಗ್ಯಾದ ನೋಡು. ಆಕಳಿಕಿ, ಕುತ್ತಿಗಿ, ಸಿಟ್ಟು, ಸಿಹಿ ಬೇಕು ಅನಿಸೋದು, ಎಲ್ಲಾ ಮುಂಗಡ ಬಂದ ನೆಂಟರು. ತಲಿ ಬ್ಯಾನಿಗೆ ಒಂದು ದಿವಸ, ಎರಡು ದಿವಸ ಮೊದಲೇ ಬಂದು ಕುಂದರ್ತಾರ. ಬೆಲ್ಲ ತಿಂದಿದ್ದಕ್ಕ ಬ್ಯಾನಿ ಬಂತು ಅಂತೀದಿ. ಬ್ಯಾನಿ ಬರೋದಿತ್ತು ಅಂತಲೇ ಬೆಲ್ಲ ಬೇಕಾಗಿರಬಹುದು. ಚಾಕಲೇಟಿನ ಮ್ಯಾಲೂ ಮಂದಿ ಇದೇ ತಪ್ಪು ಹೊರಸ್ತಾರ.

— ಹಂಗಂದ್ರ ನನ್ನ ಸಿಟ್ಟೂ ಬ್ಯಾನಿಯೊಳಗಿಂದೇ?

— ಐತವಾರದ ಸಿಟ್ಟು ಮಟ್ಟಿಗೆ ಹೌದು. ಉಳಿದ ದಿವಸಗಳ ಸಿಟ್ಟಿಗೆ ನಾ ಸಾಕ್ಷಿ ಹೇಳಂಗಿಲ್ಲ.

— ನಗಸಬ್ಯಾಡ್ರಿ, ತಲಿ ಅಲುಗ್ತದ.

— ಸೋಮವಾರದ್ದು ಹೇಳು.

— ಶ್ರಾವಣ ಸೋಮವಾರ. ಉಪವಾಸ. ಚಹಾನೂ ಇಲ್ಲ, ದರ್ಶನ ಆದ ಮ್ಯಾಲೇ ಅಂತ. ತಾಂಡೂರದಾಗ ನಾಲ್ಕಕ್ಕ ಎದ್ದು ನೀರು ಹಾಕ್ಕೊಂಡು ಹೊರಟೆ. ಝರಾಸಂಗಮದಾಗ ಮುಗಲು ಹರದು ಬಿಸಿಲು ಬಿದ್ದಿತ್ತು. ಮಳಿ ನೀರು ನಿಂತ ಕಲ್ಲಿನ ಮ್ಯಾಲಿಂದ ಆ ಬಿಸಿಲು ಕಣ್ಣಿಗೆ ಹೊಡೀತಿತ್ತು. ಮುಂದಿನ ಹೆಣಮಗಳ ಬುಟ್ಟಿಯಾಗ ಕೇದಿಗಿ. ಬ್ಯಾರೆ ಕಡಿ ಶಿವಗ ಕೇದಿಗಿ ನಡಿಯಂಗಿಲ್ಲ, ಕೇತಕಿ ಸಂಗಮೇಶ್ವರಗ ಅದೇ ಬೇಕು. ಆ ವಾಸನಿ ಮೂಗಿನಾಗ ಹೊಕ್ಕದ್ದು ಹೊರಗ ಬರಲೇ ಇಲ್ಲ. ಆಮ್ಯಾಲ ಒಂದು ನಡೀತು ಮಾಮಾ. ಯಾರಿಗೂ ಹೇಳಿಲ್ಲ.

— ಹೇಳು.

— ಕಣ್ಣಿನ ನಡುವ ಒಂದು ಚುಕ್ಕಿ ಅಳಿಸಿದಂಗಾತು. ಅದರ ಸುತ್ತ ಹಲ್ಲು ಹಲ್ಲಿನ ಬೆಳಕು. ನಮ್ಮ ಯುನಿಟ್ಟಿನಾಗ ಕಲ್ಲು ಕೊಯ್ಯೋ ಬ್ಲೇಡ್ ನೋಡೀರಲ್ಲ, ತಿರುಗೋವಾಗ ಅಂಚು ಹೊಳೀತದ, ಹಂಗ. ಮಿಣಮಿಣ ಅನಕೋತ ದೊಡ್ಡದಾಗಿ, ಕಡಿಗೆ ಪಕ್ಕಕ್ಕ ಸರದು ಹೋತು. ಕಣ್ಣು ಮುಚ್ಚಿದ್ರೂ ಕಾಣತಿತ್ತು. ದೇವರ ಗುಡಿ ಬಾಗಲದಾಗ ಅದ್ರಿ. ನನಗ ಏನೋ ಕಾಣಿಸ್ಲಿಕತ್ತದ ಅಂತ ಮೈ ಜುಮ್ ಅಂತು. ಮುಂದ ಹತ್ತು ನಿಮಿಷಕ್ಕ ಎಡಗಡಿ ಹಣಿಯಾಗ ಸುತ್ತಿಗಿ ಬಿತ್ತು.

— ಎಷ್ಟು ಹೊತ್ತು ಇತ್ತು ಆ ಬ್ಲೇಡು?

— ಇಪ್ಪತ್ತು ನಿಮಿಷ ಇರಬಹುದು.

— ಸರಿ ಅದ. ಐದು ನಿಮಿಷದಿಂದ ಒಂದು ತಾಸಿನ ಒಳಗ ಇರ್ತದ. ಇದಕ್ಕ ಔರಾ ಅಂತಾರ. ಎಲ್ಲರಿಗೂ ಬರಂಗಿಲ್ಲ, ಮೈಗ್ರೇನ್ ಇದ್ದ ಮೂರು ನಾಲ್ಕು ಮಂದಿಯಾಗ ಒಬ್ಬರಿಗೆ. ನೀ ಹೇಳಿದ್ದನ್ನೇ ಕಾರ್ಲ್ ಲ್ಯಾಶ್ಲಿ ಅಂತ ಅಮೆರಿಕದ ವಿಜ್ಞಾನಿ ತನ್ನ ಕಣ್ಣ ಮುಂದ ನೋಡಿದ. ಅಂವಗೂ ಇದೇ ಬ್ಯಾನಿ. ಆದ್ರ ಅಂವ ಹಾಸಿಗಿಗೆ ಹೋಗಲಿಲ್ಲ, ಕಾಗದ ತಗೊಂಡು ಕುಂತ. ಆ ಹಲ್ಲಿನ ಗೆರಿ ಎಲ್ಲಿಂದ ಎಲ್ಲಿಗೆ ಸರೀತು ಅಂತ ಹೊತ್ತು ನೋಡಿ ನೋಡಿ ಚಿತ್ರ ತೆಗದ. ಲೆಕ್ಕ ಹಾಕಿದ್ರ, ಮಿದುಳಿನ ನೋಡೋ ಭಾಗದ ಮ್ಯಾಲ ಏನೋ ಒಂದು ನಿಮಿಷಕ್ಕ 3 ಮಿಲಿಮೀಟರ್ ವೇಗದಾಗ ಹರೀಲಿಕತ್ತದ ಅಂತ ಬಂತು. ಇದು 1941. ಮುಂದ 1944ರಾಗ ಲಿಯಾಂವ್ ಅಂತ ಬ್ರೆಜಿಲ್‌ದವ, ಮೊಲದ ಮಿದುಳಿನ ಮ್ಯಾಲ ಬ್ಯಾರೆ ಏನೋ ಹುಡಕಲಿಕ್ಕೆ ಹೋಗಿ, ಅಷ್ಟೇ ಸಾವಕಾಶ ಹರಿಯೋ ಒಂದು ಅಲಿ ಕಂಡ. ಅದು ಹೋದಲ್ಲಿ ನರಗಳ ಗದ್ದಲ ಮೊದಲು ಏಳ್ತದ, ಆಮ್ಯಾಲ ಸುಮ್ಮಗಾಗ್ತದ. ಇವನ ಮೊಲ, ಅವನ ಕಣ್ಣು, ಎರಡರಾಗೂ ನಡದದ್ದು ಒಂದೇ ಅಂತ ಜೋಡಸಲಿಕ್ಕೆ ಮತ್ತ ವರ್ಷಗಟ್ಟಲೆ ಹಿಡೀತು.

— ಹಂಗಂದ್ರ ಅದು ದೇವರಲ್ಲ.

— ದೇವರ ವಿಚಾರ ನನಗ ಗೊತ್ತಿಲ್ಲವ್ವಾ, ನಾ ಕಂಪೌಂಡರ್. ಬ್ಲೇಡಿನ ವಿಚಾರ ಇಷ್ಟು ಗೊತ್ತು.

— ತಾಂಡೂರದ ಡಾಕ್ಟರು ಇದಕ್ಕ ಪಾರ್ಶ್ವಪು ನೊಪ್ಪಿ ಅಂದ್ರು. ಬಾಜು ಮನಿ ಖಾಲಾ ಆಧಾಸೀಸಿ ಅಂತಾಳ. ನಾರಾಯಣಖೇಡದಾಗ ನಮ್ಮ ಓಣಿಯ ಮರಾಠಿ ಆಯಿ ಅರ್ಧಶಿಶಿ ಅಂತಿದ್ಲು. ಅವ್ವ ಅರ್ಧ ತಲಿ ಬ್ಯಾನಿ ಅಂತಿದ್ಲು. ನಾಲ್ಕು ಬ್ಯಾರೆ ರೋಗ ಅಂತ ತಿಳಿದಿದ್ದೆ ನಾ.

— ನಾಲ್ಕೂ ಒಂದೇ. ಆಯುರ್ವೇದದಾಗ ಅರ್ಧಾವಭೇದಕ. ಗ್ರೀಕರಾಗ ಅರ್ಧ ತಲಿಬುರುಡಿ ಅಂಬೋ ಮಾತು ಸವದು ಸವದು ಮೈಗ್ರೇನ್ ಆಗ್ಯಾದ. ಎಲ್ಲರೂ ಅರ್ಧಕ್ಕೇ ಗಂಟು ಬಿದ್ದಾರ. ನಮ್ಮ ಕಡೆಯವರಿಗೆ ಅರ್ಧದ ಮ್ಯಾಲ ಪ್ರೀತಿ ಜಾಸ್ತಿ ಇರಬೇಕು. 1956ರಾಗ ಬೀದರ ಜಿಲ್ಲಾ ಒಡದು ನಾರಾಯಣಖೇಡ, ಝಹೀರಾಬಾದ ತಾಲೂಕು ಇತ್ತಾಗ ತೆಲುಗು ಕಡಿ ಕೊಟ್ರು. ಅದರಾಗೂ ನಿರ್ಣಾ ಸರ್ಕಲ್ ಅಷ್ಟೇ ಅತ್ತಾಗ ಇಟ್ಟಗೊಂಡ್ರು. ಗುಲಬರ್ಗಾ ಜಿಲ್ಲಾದ ತಾಂಡೂರೂ ಇತ್ತಾಗ ಬಂತು. ಅವಾಗಿಂದ ಮನಿಯಾಗ ಕನ್ನಡ, ಬಸ್‌ಸ್ಟ್ಯಾಂಡಿನಾಗ ತೆಲುಗು, ಬಜಾರದಾಗ ದಖನಿ. ಇರಲಿ. ಹೇಳೋದೇನಂದ್ರ, ಈ ಹೆಸರು ಸುಳ್ಳೂ ಹೇಳ್ತದ. ಎರಡೂ ಕಡಿ ಹೊಡಿಯೋ ಮೈಗ್ರೇನ್ ಬೇಕಾದಷ್ಟು ಅವ. ಅರ್ಧ ಅಲ್ಲ ಅಂತ ಎಷ್ಟೋ ಮಂದಿ ಇದು ಅದಲ್ಲ ಅನಕೊಂಡು ಕಣ್ಣಿನ ಡಾಕ್ಟರ್, ಹಲ್ಲಿನ ಡಾಕ್ಟರ್ ಅಂತ ತಿರುಗ್ತಾರ.

— ನಾನೂ ತಿರುಗೀನಲ್ರಿ. ಎರಡು ಸಲ ಚಷ್ಮಾ ಬದಲಿ ಮಾಡ್ಸಿದೆ. ಒಬ್ಬರು ಸೈನಸ್ ಅಂತ ಎಕ್ಸ್‌ರೇ ತೆಗಿಸಿದ್ರು. ಮೂಗಿನ ಮ್ಯಾಲ, ಗಲ್ಲದ ಮ್ಯಾಲ ಬ್ಯಾನಿ ಇತ್ತು ಖರೇನೇ.

— ಇರ್ತದ. ಮುಖದ ನರ ಅದಲ್ಲ, ಟ್ರೈಜೆಮಿನಲ್ ಅಂತ, ಅದಕ್ಕ ಮೂರು ಟೊಂಗಿ. ಹಣಿಗೆ ಒಂದು, ಗಲ್ಲಕ್ಕ ಒಂದು, ದವಡಿಗೆ ಒಂದು. ಮಿದುಳಿಗೆ ತಾನಾಗಿ ನೋವು ತಿಳಿಯಂಗಿಲ್ಲ. ಅದರ ಮ್ಯಾಲಿನ ಪೊರಿಗೆ ತಿಳೀತದ. ಆ ಪೊರಿಗೂ ಈ ನರದ ಎಳಿ ಹೋಗ್ಯಾವ. ಮೈಗ್ರೇನ್ ಬಂದಾಗ ಆ ಎಳಿ ತುದಿಗೆ ಸಿಜಿಆರ್‌ಪಿ ಅಂಬೋ ಪದಾರ್ಥ ಸುರೀತದ, ರಕ್ತನಾಳ ಉಬ್ಬತಾವ, ಪೊರಿ ಕೆರಳ್ತದ. ಹಿಂದಕ ರಕ್ತನಾಳ ಉಬ್ಬೋದೇ ರೋಗ ಅಂತಿದ್ರು. ಈಗ ಅದು ಬೆಂಕಿ ಅಲ್ಲ, ಹೊಗಿ ಅಂತಾರ. ಮೂಲ ನರದಾಗ, ಮಿದುಳಿನಾಗ ಅದ. ಇದನ್ನ ಬಿಡಿಸಿದ ನಾಲ್ವರಿಗೆ 2021ರಾಗ ಡೆನ್ಮಾರ್ಕಿನ ಬ್ರೇನ್ ಪ್ರೈಜ್ ಬಂತು. ಆ ಸಿಜಿಆರ್‌ಪಿ ತಡಿಯೋ ಇಂಜೆಕ್ಷನ್ನೂ 2018ರಿಂದ ಬಂದಾವ. ರೇಟು ಕೇಳಿದ್ರ ಮತ್ತೊಂದು ತಲಿ ಬ್ಯಾನಿ.

— ಸ್ಕ್ಯಾನ್ ಮಾಡಸ್ಲೇನು ಮಾಮಾ? ಒಳಗ ಗಡ್ಡಿ ಗಿಡ್ಡಿ ಇದ್ರ?

— ಮೈಗ್ರೇನ್ ಸ್ಕ್ಯಾನಿನಾಗ ಕಾಣಂಗಿಲ್ಲ. ಅದನ್ನ ಮಾತಿನಾಗೇ ಹಿಡೀಬೇಕು. ಬ್ಯಾನಿ ನಾಲ್ಕು ತಾಸಿನಿಂದ ಮೂರು ದಿವಸದ ತನಕ ಇರ್ತದೇನು, ಮಿಡೀತದೇನು, ಮಾಳಗಿ ಏರಿದ್ರ ಜಾಸ್ತಿ ಆಗ್ತದೇನು, ಬಾಯಿಗೆ ಬಂದಂಗ ಆಗ್ತದೇನು, ಬೆಳಕು ಸಪ್ಪಳ ಬ್ಯಾಡ ಅನಿಸ್ತದೇನು. ಇಂಥವು ಐದು ಸಲ ಬಂದಿದ್ರ ಡಾಕ್ಟರಿಗೆ ಸಾಕು. ಸ್ಕ್ಯಾನಿಗೆ ಓಡೋ ಹೊತ್ತು ಬ್ಯಾರೆ. ಗುಡುಗು ಹೊಡದಂಗ ಒಂದೇ ಕ್ಷಣಕ್ಕ ತಲಿ ಸಿಡದ್ರ. ಕೈಕಾಲು ಬಿದ್ರ, ಮಾತು ತೊದಲಿದ್ರ. ಜ್ವರದ ಜೋಡಿ ಕುತ್ತಿಗಿ ಸೆಟದ್ರ. ತಲಿಗೆ ಪೆಟ್ಟು ಬಿದ್ದ ಮ್ಯಾಲ, ಬಸುರಾದಾಗ, ಐವತ್ತು ದಾಟಿದ ಮ್ಯಾಲ ಹೊಸದಾಗಿ ಸುರು ಆದ್ರ. ನಿನ್ನ ಬ್ಲೇಡು ಒಂದು ತಾಸು ದಾಟಿದರೂ ಹೋಗದಿದ್ರ. ಅವಾಗ ಶುಂಠಿ ಚಹಾ ಮಾಡ್ಕೋತ ಕೂಡಬ್ಯಾಡ, ಸೀದಾ ದವಾಖಾನಿ. ಮತ್ತೊಂದು, ಔರಾ ಬರೋ ಹೆಣ್ಣುಮಕ್ಕಳಿಗೆ ಈಸ್ಟ್ರೋಜನ್ ಇದ್ದ ಗರ್ಭ ತಡಿಯೋ ಗುಳಿಗಿ ಛಲೋ ಅಲ್ಲ. ಪಾರ್ಶ್ವವಾಯು ಆಗೋ ಸಂಭವ ಏರ್ತದ. ಡಾಕ್ಟರು ತಾವಾಗಿ ಕೇಳದಿದ್ರೂ ನೀ ಬಾಯಿ ಬಿಟ್ಟು ಹೇಳಬೇಕು.

— ಮನಿಯಾಗ ಇದ್ಯಾವುದೂ ಯಾರೂ ನಂಬಂಗಿಲ್ಲ ಮಾಮಾ. ಕೈ ಮುರದ್ರ ಪಟ್ಟಿ ಕಾಣ್ತದ. ಜ್ವರ ಬಂದ್ರ ಮೈ ಸುಡ್ತದ. ನನ್ನದು ಏನೂ ಕಾಣಂಗಿಲ್ಲ. ಕ್ವಾಣ್ಯಾಗ ಕತ್ತಲ ಮಾಡ್ಕೊಂಡು ಮಲಗಿದ್ರ, ಕೆಲಸ ತಪ್ಪಿಸ್ಲಿಕ್ಕೆ ಸೋಗು ಅಂತಾರ. ಸಂಜಿಗೆ ಎದ್ದು ರೊಟ್ಟಿ ಬಡದ್ರ, ನೋಡು ಈಗ ಹ್ಯಾಂಗ ಅರಾಮ ಆದ್ಲು ಅಂತಾರ.

— ನೀ ಒಬ್ಬಾಕಿ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನವರು ಬೆಂಗಳೂರು ಪ್ಯಾಟಿ, ಅದರ ಸುತ್ತಿನ ಹಳ್ಳಿಗಳಾಗ ಮನಿ ಮನಿಗೆ ಹೋಗಿ 2,329 ಮಂದಿನ್ನ ಕೇಳಿದ್ರು. 18ರಿಂದ 65 ವಯಸ್ಸಿನವರು. ಒಂದು ವರ್ಷದಾಗ ಮೈಗ್ರೇನ್ ಬಂದವರು ನೂರಕ್ಕ 25. ನಾಲ್ಕು ಮಂದಿಯಾಗ ಒಬ್ಬರು! 2015ರಾಗ ಅಚ್ಚಾತು. ಪ್ಯಾಟಿಗಿಂತ ಹಳ್ಳಿಯಾಗೇ ಜಾಸ್ತಿ ಇತ್ತು. ಇದು ಕಂಪ್ಯೂಟರ್ ಮುಂದ ಕುಂದರೋರ ರೋಗ ಅಂಬೋರಿಗೆ ಉತ್ತರ ಅದು. ಜಗತ್ತಿನ ಲೆಕ್ಕದಾಗ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು. ತಿಂಗಳ ಹಾರ್ಮೋನು ಏರಿಳಿಯೋದು ಅದಕ್ಕ ಒಂದು ಕಾರಣ. ಗಂಡಸರಿಗೆ ಜಾಸ್ತಿ ಇದ್ದಿದ್ರ ಇಷ್ಟೊತ್ತಿಗೆ ಊರಿಗೊಂದು ವಾರ್ಡ್ ಆಗ್ತಿತ್ತು, ಸೋಗು ಅಂಬೋ ಮಾತೂ ಹುಟ್ಟತಿರಲಿಲ್ಲ.

— ಹಂಗಾದ್ರ ಏನು ಬಿಡಬೇಕು? ಉಪವಾಸ? ಬಿಸಿಲು? ಹೂವಿನ ವಾಸನಿ? ಕಲ್ಲಿನ ಯುನಿಟ್ ಬಿಟ್ರ ಹೊಟ್ಟಿಗೆ ಏನು?

— ಎಲ್ಲಾ ಬಿಟ್ಟು ಕುಂತ್ರ ಜೀವನಾನೇ ಬಿಟ್ಟಂಗ. ಒಂದೊಂದೇ ಇದ್ರ ನಿನ್ನ ತಲಿ ತಡಕೋತದ. ಸೋಮವಾರ ಐದು ಕೂಡಿದವು: ನಿದ್ದಿ ಇಲ್ಲ, ಅನ್ನ ನೀರಿಲ್ಲ, ದಿನಾ ಕುಡಿಯೋ ಚಹಾ ಇಲ್ಲ, ಬಿಸಿಲು, ಕೇದಿಗಿ. ಕೊಡ ತುಂಬಿ ಚೆಲ್ತು. ಹಸಿವಿ ಮತ್ತ ನಿದ್ದಿ, ಇವೆರಡು ನಿನ್ನ ಕೈಯಾಗ ಅವ. ಐತವಾರ ಜಾಸ್ತಿ ಮಲಗಿದ್ರೂ ಬರ್ತದ. ಈ ಮಿದುಳಿಗೆ ಬದಲಿ ಅಂದ್ರ ಆಗಂಗಿಲ್ಲ, ಹಠಮಾರಿ ಹುಡುಗರ ಹಂಗ. ದಿನಾ ಒಂದೇ ಹೊತ್ತಿಗೆ ಉಣ್ಣು, ಒಂದೇ ಹೊತ್ತಿಗೆ ಮಲಗು. ಉಪವಾಸ ಮಾಡೋದಾದ್ರ ಹಾಲು, ಹಣ್ಣು, ನೀರು ಬಿಡಬ್ಯಾಡ. ಯುನಿಟ್ಟಿನಾಗ ನಿನ್ನ ಟೇಬಲ್ ಬಾಗಲ ಕಡಿಂದ ಹೊಳ್ಳಸು. ಪಾಲಿಶ್ ಆದ ಕಲ್ಲಿನ ಬೆಳಕು ಬೆನ್ನಿಗೆ ಬೀಳಲಿ.

— ಆತು. ಬಂದೇ ಬಂದ್ರ?

— ಬಂದ ಕೂಡಲೇ, ಕೂಡಲೇ ಅಂದ್ರ ಅರ್ಧ ತಾಸಿನ ಒಳಗ, ಡಾಕ್ಟರು ಬರದ ಗುಳಿಗಿ ಪೂರಾ ಪ್ರಮಾಣ ತಗೋಬೇಕು. ನೀ ಏನು ಮಾಡ್ತಿ? ತಡದು ನೋಡೂಣು ಅಂತಿ. ಅರ್ಧ ಗುಳಿಗಿ ನುಂಗ್ತಿ. ಮೈಗ್ರೇನಿನಾಗ ಹೊಟ್ಟಿಯೂ ಕೆಲಸ ನಿಲ್ಲಸ್ತದ. ತಡಾ ಮಾಡಿ ನುಂಗಿದ ಗುಳಿಗಿ ಅಲ್ಲೇ ಕುಂತಿರ್ತದ, ಇಲ್ಲಾ ವಾಂತಿಯಾಗ ಹೊರಗ ಬರ್ತದ. ಅದಕ್ಕೇ ನಿನ್ನಿ ಮೊದಲು ವಾಂತಿದು ಕೊಟ್ಟೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಇವು ಸಾದಾವು. ಹೊಟ್ಟಿ ಹುಣ್ಣು, ಕಿಡ್ನಿ ತ್ರಾಸು ಇದ್ದವರಿಗೆ ಕಡೀ ಎರಡು ಆಗಂಗಿಲ್ಲ. ಇವಕ್ಕ ಬಗ್ಗದಿದ್ರ ಟ್ರಿಪ್ಟಾನ್ ಜಾತಿಯವು ಅವ, ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್ ಅಂತ. ಅವು ಮೈಗ್ರೇನಿಗಂತಲೇ ಮಾಡಿದವು. ಹೃದಯದ ರೋಗ, ಪಾರ್ಶ್ವವಾಯು ಆದವರು ಮುಟ್ಟಬಾರದು. ಚೀಟಿ ಇಲ್ದ ತಗೋಬಾರದು.

— ನನ್ನ ಬಣ್ಣದ ಸ್ಟ್ರಿಪ್‌ನೂ ಅರ್ಧ ತಲಿ ಬ್ಯಾನಿಗಂತಲೇ ಕೊಟ್ಟದ್ದು. ಚೀಟಿ ಬ್ಯಾಡಂದ್ರು ಅಂಗಡಿಯವರು.

— ಅದೇ ಈಗ ಬಂತು ನೋಡು ಮಾತು. ಪರ್ಸಿನಾಗ ಮೂರು ಸ್ಟ್ರಿಪ್ ಇದ್ದವು. ಎರಡು ಖಾಲಿ, ಮೂರನೇದರಾಗ ನಾಲ್ಕು ಇಲ್ಲ. ಯಾವಾಗ ತಂದದ್ದು?

— ನಾಗರ ಅಮಾಸಿ ಆದ ಮರುದಿನ.

— ಮೂರು ವಾರ ಆಗಿಲ್ಲ. 24 ಗುಳಿಗಿ. ಎಷ್ಟು ದಿವಸ ನುಂಗಿದಿ?

— ಹದಿನಾಲ್ಕು ದಿವಸ ಇರಬೇಕು. ಒಮ್ಮೊಮ್ಮೆ ಬ್ಯಾನಿ ಬರೋಕ್ಕಿಂತ ಮೊದಲೇ, ಬಂದ್ರ ಹ್ಯಾಂಗ ಅಂತ.

— ಮೊದಲು ತಿಂಗಳಿಗೆ ಎಷ್ಟು ಸಲ ಬರ್ತಿತ್ತು?

— ಮದುವಿಯಾದ ಹೊಸದಾಗಿ ಎರಡು ಸಲ. ಹೋದ ಸಂಕ್ರಾಂತಿಯಿಂದ ದಿನಾ ಬಿಟ್ಟು ದಿನಾ.

— ಆ ಎರಡರ ನಡುವ ಈ ಸ್ಟ್ರಿಪ್ ಅದ. ಹಿಂಗ ನಾಲ್ಕೈದು ಔಷಧ ಕೂಡಿಸಿದ ಗುಳಿಗಿ, ಟ್ರಿಪ್ಟಾನ್, ಎರ್ಗೊಟಮಿನ್ ಇದ್ದದ್ದು, ತಿಂಗಳಿಗೆ ಹತ್ತು ದಿವಸ ಮುಟ್ಟಿದ್ರ ಗುಳಿಗಿಯೇ ತಲಿ ಬ್ಯಾನಿ ತರಲಿಕ್ಕೆ ಸುರು ಮಾಡ್ತದ. ಸಾದಾ ಗುಳಿಗಿಗೆ ಹದಿನೈದು ದಿವಸ. ಹಿಂಗ ಮೂರು ತಿಂಗಳು ನಡದ್ರ ರೋಗ ಯಾವುದು, ಔಷಧ ಯಾವುದು ತಿಳಿಯಂಗಿಲ್ಲ. ಗುಳಿಗಿ ಇಳದ ಕೂಡಲೇ ತಲಿ ಏಳ್ತದ, ತಲಿ ಎದ್ದ ಕೂಡಲೇ ಗುಳಿಗಿ ನುಂಗತಿ. ಸಾವಕಾರನ ಸಾಲ ಇದ್ದಂಗ, ಬಡ್ಡಿ ಕಟ್ಟಲಿಕ್ಕೆ ಮತ್ತ ಸಾಲ.

— ಬಿಟ್ರ ಹೋಗ್ತದೇನು?

— ಮೊದಲು ಜಾಸ್ತಿ ಆಗ್ತದ, ಒಂದು ವಾರ, ಎರಡು ವಾರ. ಅದನ್ನ ಹೇಳದೇ ಬಿಡಸಿದ್ರ ಮೋಸ. ಆಮ್ಯಾಲ ಇಳೀತದ. ಒಬ್ಬಾಕಿನೇ ಬಿಡಬ್ಯಾಡ, ತಾಂಡೂರದ ಜಿಲ್ಲಾ ಆಸ್ಪತ್ರಿಗೆ ಹೋಗು, ಈ ಖಾಲಿ ಸ್ಟ್ರಿಪ್ ಎಲ್ಲಾ ಅವರ ಮುಂದ ಇಡು. ಮುಚ್ಚಿಡಬ್ಯಾಡ. ಬ್ಯಾನಿ ತಡಿಯೋ ಗುಳಿಗಿ ಬ್ಯಾರೆ ಅವ, ದಿನಾ ತಗೊಳ್ಳೋವು. ಪ್ರೊಪ್ರನೊಲಾಲ್ ಬರೀಬಹುದು. ಅಮಿಟ್ರಿಪ್ಟಿಲಿನ್ ಬರೀಬಹುದು.

— ಪ್ರೊಪ್ರನೊಲಾಲ್ ಬಿ.ಪಿ. ಗುಳಿಗಿ ಅಲ್ಲೇನ್ರಿ? ಇನ್ನೊಂದು ಮನಸ್ಸಿನ ರೋಗದ್ದು ಅಂತ ನಮ್ಮ ನಾದಿನಿ ಮೊಬೈಲಿನಾಗ ನೋಡಿ ಹೇಳಿದ್ಲು. ಬರದಿದ್ರು, ನಾ ತಗೊಳ್ಳಲಿಲ್ಲ.

— ಹಾಂ! ಬರದಿದ್ರು, ನೀ ಬಿಟ್ಟಿ. ಅಂಗಡಿಯವ ಚೀಟಿ ಇಲ್ದ ಕೊಟ್ಟದ್ದು ನುಂಗಿದಿ. ಒಂದು ಔಷಧಕ್ಕ ಒಂದೇ ಕೆಲಸ ಅಂತ ಯಾರು ಹೇಳ್ಯಾರ? ಅಮಿಟ್ರಿಪ್ಟಿಲಿನ್ ಮನಸ್ಸಿನ ರೋಗಕ್ಕ ಕೊಡೋದಕ್ಕಿಂತ ಕಡಿಮಿ ಪ್ರಮಾಣದಾಗ ಮೈಗ್ರೇನಿಗೆ ಕೊಡ್ತಾರ. ನಿದ್ದಿ ಬರ್ತದ, ಬಾಯಿ ಒಣಗ್ತದ. ಪ್ರೊಪ್ರನೊಲಾಲ್ ದಮ್ಮು ಇದ್ದವರಿಗೆ ಆಗಂಗಿಲ್ಲ. ಕಲ್ಲಿನ ಧೂಳಿನಾಗ ಇರ್ತಿ, ಉಸಿರಿನ ತ್ರಾಸು ಇದ್ರ ಹೇಳು. ವಾಲ್ಪ್ರೊಯೇಟ್ ಅಂತ ಇನ್ನೊಂದು ಅದ, ಮಕ್ಕಳಾಗೋ ವಯಸ್ಸಿನವರಿಗೆ ಅದು ಬ್ಯಾಡ. ಯಾವುದೇ ಆಗಲಿ, ಎಂಟು ವಾರ, ಹನ್ನೆರಡು ವಾರ ತಗೊಂಡು ನೋಡಬೇಕು. ನಾಲ್ಕು ದಿವಸಕ್ಕ ಗುಣ ಇಲ್ಲ ಅಂತ ಎಸೀಬಾರದು. ಮತ್ತ ಅದು ಪೂರಾ ಹೋಗಸಂಗಿಲ್ಲ. ತಿಂಗಳಿಗೆ ಎಂಟು ದಿವಸ ಇದ್ದದ್ದು ನಾಲ್ಕಾದ್ರ ಗೆದ್ದಂಗ.

— ಎಂಟೋ ನಾಲ್ಕೋ ನನಗ ಹ್ಯಾಂಗ ತಿಳೀಬೇಕು? ಬ್ಯಾನಿ ಹೋದ ಮ್ಯಾಲ ಅದರ ನೆನಪೂ ಬ್ಯಾಡ ಅನಿಸ್ತದ.

— ಆ ಕ್ಯಾಲೆಂಡರ್ ತಗಿ. ತೆಲುಗಿನದು ಆದ್ರೇನು, ತಾರೀಖು ಎಲ್ಲಾ ಕಡಿ ಒಂದೇ. ತಲಿ ಹೊಡದ ದಿವಸಕ್ಕ ಒಂದು ಗೀಟು. ಗುಳಿಗಿ ನುಂಗಿದ ದಿವಸಕ್ಕ ಸುತ್ತ ಒಂದು ಗೋಲ. ಮುಟ್ಟಾದ ದಿವಸಕ್ಕ ಚುಕ್ಕಿ. ಬರೆಯೋದು ಇಷ್ಟೇ. ಗೋಲ ಎಂಟು ದಾಟಿದ್ರ ನಿನಗೇ ಅಂಜಿಕಿ ಬರಬೇಕು. ಯುನಿಟ್ಟಿನಾಗ ಎಷ್ಟು ಫೂಟ್ ಕಲ್ಲು ಲಾರಿ ಹತ್ತೀತು ಅಂತ ಬರೀತಿ, ನಿನ್ನ ತಲಿ ಲೆಕ್ಕ ಬರೀಲಿಕ್ಕೆ ಆಗಂಗಿಲ್ಲೇನು? ಮನಿಯವರಿಗೂ ಅದನ್ನೇ ತೋರಸು. ಬಾಯಿ ಮಾತಿಗೆ ಸೋಗು ಅಂಬೋರು ಗೀಟಿಗೆ ಏನಂತಾರ ನೋಡೂಣು.

— ಮಾಮಾ, ಇಷ್ಟೆಲ್ಲಾ ಗೊತ್ತಿದ್ದೂ ನಿನ್ನಿ ರಾತ್ರಿ ಯಾಕ ಹಂಗ ಗದರಿದ್ರಿ? ಸ್ಟ್ರಿಪ್ ಕಸಗೊಂಡು ಕಿಸೆದಾಗ ಇಟ್ಕೊಂಡ್ರಿ. ನಿಮ್ಮ ಕೈ ನಡುಗ್ತಿತ್ತು.

— ಕಂಡೀ ಏನು?

— ಕಂಡೆ.

— ನಿಮ್ಮವ್ವಗೂ ಇದೇ ಇತ್ತಲ್ಲ. ನಾ ದವಾಖಾನಿಯಾಗ ಇದ್ದೆ. ಐತವಾರಕ್ಕೊಮ್ಮೆ ನಾರಾಯಣಖೇಡಕ್ಕ ಬರ್ತಿದ್ದೆ, ನಿನಗ ಬಿಸ್ಕೀಟು, ಆಕಿಗೆ ಗುಳಿಗಿ. ಹಳಿ ಚೀಟಿ ಹರದು ಪೊಟ್ಟಣ ಕಟ್ಟಿ ಒಯ್ತಿದ್ದೆ. ಬೇಕಾದಾಗ ತಗೋ ಅಕ್ಕಾ, ತಡಕೋಬ್ಯಾಡ ಅಂತಿದ್ದೆ. ಮೊದಲು ಹತ್ತು, ಆಮ್ಯಾಲ ಇಪ್ಪತ್ತು, ಕಡಿ ಕಡಿಗೆ ವಾರಕ್ಕ ಮೂವತ್ತು. ಆಕಿ ಸಿಟ್ಟು ನೋಡಿ ಭಾವ ದೂರ ಕುಂದರ್ತಿದ್ದ. ನಾ ಮಾತ್ರ ಮನಸಿನಾಗ ನಮ್ಮಕ್ಕಗ ನಾ ಅದೀನಿ ಅನಕೋತಿದ್ದೆ. ರಿಟೈರ್ ಆಗೋಕ್ಕಿಂತ ಮೊದಲು ಒಂದು ಟ್ರೇನಿಂಗ್ ಇತ್ತು. ಅಲ್ಲಿ ಡಾಕ್ಟರು ಬೋರ್ಡ್ ಮ್ಯಾಲ ಹತ್ತು ದಿವಸ, ಹದಿನೈದು ದಿವಸ ಅಂತ ಬರದ್ರು. ನಾ ಹಿಂದಿನ ಬಾಕಿನ ಮ್ಯಾಲ ಕುಂತಿದ್ದೆ. ಊಟಕ್ಕ ಏಳಲಿಲ್ಲ.

— ಅವ್ವಗ ಹೇಳಿದ್ರೇನು?

— ಆಕಿ ಹೋಗಿ ಎರಡು ವರ್ಷ ಆಗಿತ್ತು.

— ನನಗ ನೆನಪದ ಮಾಮಾ. ಒದ್ದಿ ಅರಿವಿ ಕಟಗೊಂಡು ಜ್ವಾಳದ ಚೀಲದ ಹಿಂದ ಮಲಗ್ತಿದ್ಲು. ಅಲ್ಲಿ ಕತ್ತಲಿ ಜಾಸ್ತಿ ಅಂತ. ನಾನು ಆಟ ಅಂತ ತಿಳದು ಹೋಗಿ ಬಾಜೂಕ ಮಲಗ್ತಿದ್ದೆ. ಕೈ ಅಷ್ಟೇ ಹಿಡಿತಿದ್ಲು, ಮಾತಾಡತಿರಲಿಲ್ಲ.

— ಚಹಾ ಆರೀತು. ಬಿಸಿ ಮಾಡ್ತೀನಿ.

— ತಾಂಡೂರದ ಬಸ್ ಎಷ್ಟಕ್ಕ ಅದ?

— ಇವತ್ತು ಎಲ್ಲಿಗೂ ಬ್ಯಾಡ. ನಾಳಿಗೆ ಹೋಗು.

— ಆ ಸ್ಟ್ರಿಪ್ ಕೊಡ್ರಿ. ನುಂಗಲಿಕ್ಕಲ್ಲ. ಆಸ್ಪತ್ರಿಯಾಗ ತೋರಸಬೇಕಂದ್ರಲ್ಲ.

— ಖಾಲಿ ಎರಡು ತಗೋ. ಗುಳಿಗಿ ಉಳದದ್ದು ನನ್ನ ಹತ್ರ ಇರಲಿ. ಪೆನ್ನು ಅಲ್ಲೇ ಮೊಳಿಗೆ ಕಟ್ಟೀನಿ ನೋಡು. ನಿನ್ನಿ ತಾರೀಖಿಗೆ ಗೀಟು ಹಾಕು.

— ಗೋಲಾನೂ ಹಾಕಬೇಕಲ್ರಿ, ನೀವು ಕೊಟ್ಟ ಗುಳಿಗಿಗೆ.

— ಹಾಕು. ನಾ ಕೊಟ್ಟದ್ದೂ ಹಾಕು.